ಜೈಲಿನ ಖರ್ಚು ಜೈಲಿನಲ್ಲಿ ತೀರ್ಮಾನವಾಗುವುದಿಲ್ಲ

ಸರ್ಕಾರದ ಬಜೆಟ್ ಪುಸ್ತಕದಲ್ಲಿ 2055 ಅಂದರೆ ಪೊಲೀಸ್. 2056 ಅಂದರೆ ಕಾರಾಗೃಹ. 2014 ಅಂದರೆ ನ್ಯಾಯಾಡಳಿತ. ಲೆಕ್ಕಶೀರ್ಷಿಕೆ ಅಂತ ಕರೆಯುವ ಈ ಸಂಖ್ಯೆಗಳ ನಡುವೆಯೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಒಬ್ಬ ಆಸಾಮಿಯನ್ನು ಹಿಡಿಯುವುದು ಮೊದಲನೆಯದರ ದುಡ್ಡಿನಲ್ಲಿ. ಇಟ್ಟುಕೊಳ್ಳುವುದು ಎರಡನೆಯದರಲ್ಲಿ. ವಿಚಾರಣೆ ಮಾಡುವುದು ಮೂರನೆಯದರಲ್ಲಿ. ಮೂರಕ್ಕೂ ಬೇರೆ ಬೇರೆ ಅಧಿಕಾರಿಗಳು ಅಂದಾಜುಪಟ್ಟಿ ಕಳಿಸುತ್ತಾರೆ. ಮೂರನ್ನೂ ಕೂಡಿಸಿ, ಈ ಒಬ್ಬನಿಗೆ ಒಟ್ಟು ಎಷ್ಟಾಯಿತು ಅಂತ ಕೇಳಿದವರನ್ನು ನಾನು ನೋಡಿಲ್ಲ.

ಬಜೆಟ್ ಸಮಯದಲ್ಲಿ ಪರಿಚಿತರು ಕೇಳುವ ಪ್ರಶ್ನೆ ಬೇರೆ. ಅಪರಾಧಿಗಳಿಗೆ ಊಟ ಹಾಕೋಕೆ ಇಷ್ಟು ಕೋಟಿ ಬೇಕಾ? ಇದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಜೈಲಿನಲ್ಲಿರುವ ಹೆಚ್ಚಿನವರು ಅಪರಾಧಿಗಳು ಅಂತ ಇನ್ನೂ ತೀರ್ಮಾನವೇ ಆಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಇದ್ದ ಜಾಗ 4,36,266 ಜನಕ್ಕೆ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಆ ಮೂವರು ಹೊರಗಿದ್ದರೆ ಜಾಗದ ಕೊರತೆ ಅನ್ನುವ ಮಾತೇ ಇರಲ್ಲ, ಅಲ್ವಾ?

ಜೈಲು ಅಧೀಕ್ಷಕರ ಕಷ್ಟ ಇಲ್ಲೇ ಶುರುವಾಗುತ್ತದೆ. ಮದುವೆಗೆ ಎಷ್ಟು ಜನ ಬರುತ್ತಾರೆ ಅನ್ನುವುದು ಅಡುಗೆಭಟ್ಟರ ಕೈಯಲ್ಲಿಲ್ಲ. ಆದರೆ ಎಲೆ ಮುಂದೆ ಕೂತವರಿಗೆಲ್ಲ ಬಡಿಸಲೇಬೇಕು. ಹಾಗೆಯೇ, ನ್ಯಾಯಾಲಯ ಕಳಿಸಿದವರನ್ನು 'ನಮ್ಮಲ್ಲಿ ಜಾಗವಿಲ್ಲ' ಅಂತ ಜೈಲು ವಾಪಸ್ ಕಳಿಸುವಂತಿಲ್ಲ. ಊಟ ಕಡಿಮೆ ಮಾಡುವಂತಿಲ್ಲ. ಅನುದಾನ ಸಾಲದಿದ್ದರೆ ಪೂರಕ ಅಂದಾಜಿನಲ್ಲಿ ಕೇಳಬೇಕು. ಅದು ಬರುವವರೆಗೆ ದಿನಸಿಯವರ ಬಿಲ್ಲು ಬಾಕಿ. ಕತ್ತರಿ ಹಾಕಲು ಉಳಿಯುವುದು ಔಷಧಿ, ರಿಪೇರಿ, ಸಿಬ್ಬಂದಿ ಇಷ್ಟೇ. 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಅನ್ನುತ್ತದೆ. ಹುದ್ದೆ ಖಾಲಿ ಬಿದ್ದಲ್ಲಿ ಈ ಲೆಕ್ಕ ಕೈಪಿಡಿಯಲ್ಲೇ ಉಳಿಯುತ್ತದೆ.

ಖಾಲಿ ಹುದ್ದೆಯ ಬಗ್ಗೆ ಒಂದು ಮಾತು. ಕೂತಿಲ್ಲದ ಮನುಷ್ಯನಿಗೆ ಸಂಬಳ ಕೊಡಬೇಕಿಲ್ಲ. ಹಾಗಾಗಿ ಕಾಗದದ ಮೇಲೆ ಅದು ಉಳಿತಾಯದ ಹಾಗೆ ಕಾಣುತ್ತದೆ. ಪೊಲೀಸ್ ಬಜೆಟ್ಟಿನ ಬಹುಪಾಲು ಸಂಬಳವೇ ಆಗಿರುವುದರಿಂದ, ಆರ್ಥಿಕ ಇಲಾಖೆಗೆ ಖರ್ಚು ಹಿಡಿದಿಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನೇಮಕಾತಿಗೆ ಒಪ್ಪಿಗೆ ಕೊಟ್ಟರೂ ಜನ ಬರುತ್ತಾರೆ ಅನ್ನುವ ಖಾತ್ರಿ ಇಲ್ಲ. ಕರ್ನಾಟಕದ 545 ಪಿಎಸ್‌ಐ ಹುದ್ದೆಗಳ ಕಥೆ ನೆನಪಿರಬಹುದು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಅಷ್ಟೂ ಕಾಲ ಆ 545 ಜನ ನೋಡಬೇಕಿದ್ದ ತನಿಖೆಯ ಫೈಲುಗಳನ್ನು ಇದ್ದವರೇ ಹೊತ್ತರು. ತನಿಖೆ ನಿಧಾನವಾದರೆ ಆರೋಪಪಟ್ಟಿ ನಿಧಾನ. ಆರೋಪಪಟ್ಟಿ ನಿಧಾನವಾದರೆ ಒಳಗಿರುವವನ ಊಟದ ಲೆಕ್ಕ ಬೆಳೆಯುತ್ತದೆ. ಉಳಿದದ್ದು ಪೊಲೀಸಿನ 2055ರಲ್ಲಿ, ಖರ್ಚಾದದ್ದು ಕಾರಾಗೃಹದ 2056ರಲ್ಲಿ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೆಂಗಾವಲಿನಲ್ಲಿ. ಕೈದಿಯನ್ನು ಜೈಲಿನಿಂದ ಕೋರ್ಟಿಗೆ ಕರೆದೊಯ್ಯುವವರು ಜೈಲಿನ ಸಿಬ್ಬಂದಿಯಲ್ಲ. ಜಿಲ್ಲೆಗಳಲ್ಲಿ ಡಿಎಆರ್, ಕಮಿಷನರೇಟ್‌ಗಳಲ್ಲಿ ಸಿಎಆರ್ ಅಂತ ಕರೆಯುವ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ಅದೇ ಜನ ಗಣೇಶ ವಿಸರ್ಜನೆಗೂ ಬೇಕು, ದಸರೆಗೂ ಬೇಕು, ಮಂತ್ರಿಗಳ ಪ್ರವಾಸಕ್ಕೂ ಚುನಾವಣೆಗೂ ಬೇಕು. ಬಂದೋಬಸ್ತ್ ಇದ್ದ ದಿನ ಮೊದಲು ಬಿಟ್ಟುಹೋಗುವ ಕೆಲಸ ಯಾವುದು ಹೇಳಿ. ಕೈದಿಯ ಮುದ್ದತು, ಅಂದರೆ ಅವನು ಕೋರ್ಟಿಗೆ ಹಾಜರಾಗಬೇಕಾದ ದಿನ. 'ಬೆಂಗಾವಲು ಸಿಬ್ಬಂದಿ ಲಭ್ಯವಿಲ್ಲದ ಕಾರಣ ಹಾಜರುಪಡಿಸಿಲ್ಲ' ಅಂತ ಒಂದು ಸಾಲು ಬರೆದರೆ ಆಯಿತು. ಕೋರ್ಟು ಇನ್ನೊಂದು ವಾಯಿದೆ ಕೊಡುತ್ತದೆ.

ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಒಂದು ದಿನ ಹತ್ತು ಜನರ ಮುದ್ದತು ತಪ್ಪಿತು, ಮುಂದಿನ ದಿನಾಂಕ ಹದಿನಾಲ್ಕು ದಿನ ಬಿಟ್ಟು ಬಂತು ಅಂತಿಟ್ಟುಕೊಳ್ಳಿ. ಆ ಹತ್ತು ಜನ ಸೇರಿ 140 ದಿನ ಹೆಚ್ಚಿಗೆ ಕಾದಂತಾಯಿತು. ಇಷ್ಟೂ ದಿನದ ಊಟ, ನೀರು, ಔಷಧಿ, ಕಾವಲು ಜೈಲಿನ ತಲೆಗೆ. ಪೊಲೀಸ್ ಇಲಾಖೆಗೆ ಆ ದಿನ ಉಳಿದದ್ದು ಒಂದು ವ್ಯಾನು, ಸ್ವಲ್ಪ ಡೀಸೆಲ್, ಕೆಲವು ಪೇದೆಗಳು. ಅವತ್ತು ಬಂದ ಸಾಕ್ಷಿ ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು ಬಂದಿದ್ದ. ಅದಂತೂ ಯಾವ ಲೆಕ್ಕಶೀರ್ಷಿಕೆಯಲ್ಲೂ ಇಲ್ಲ.

ವಿಡಿಯೊ ಕಾನ್ಫರೆನ್ಸ್ ಬಂದ ಮೇಲೆ ಇದು ಎಷ್ಟೋ ಹಗುರವಾಗಿದೆ, ನಿಜ. ಬರೀ ದಿನಾಂಕ ಮುಂದೂಡುವ ಹಾಜರಾತಿಗೆ ಅದು ಸಾಕು. ಆದರೆ ಸಾಕ್ಷಿ ಆರೋಪಿಯನ್ನು ಗುರುತಿಸಬೇಕಾದಾಗ, ಆರೋಪಿ ತನ್ನ ವಕೀಲರ ಕಿವಿಯಲ್ಲಿ ಏನೋ ಹೇಳಬೇಕಾದಾಗ ಪರದೆ ಕೆಲಸಕ್ಕೆ ಬರಲ್ಲ. ದುಡ್ಡು ಉಳಿಯುತ್ತದೆ ಅಂತ ವಿಚಾರಣೆಯನ್ನೆಲ್ಲ ಪರದೆಗೆ ಒಪ್ಪಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಇನ್ನು ಉಪಕರಣಗಳು. ಜಾಮರ್, ಸಿಸಿಟಿವಿ, ಬಾಡಿ ಕ್ಯಾಮೆರಾ ಇವಕ್ಕೆ ದುಡ್ಡು ಸಿಗುವಷ್ಟು ಸುಲಭವಾಗಿ ಎರಡು ನರ್ಸ್ ಹುದ್ದೆಗೆ ಸಿಗುವುದಿಲ್ಲ. ಒಮ್ಮೆ ಕೊಂಡರೆ ಮುಗಿಯಿತು, ಪತ್ರಿಕೆಯಲ್ಲೂ ಬರುತ್ತದೆ. ಹುದ್ದೆ ಕೊಟ್ಟರೆ ನಿವೃತ್ತಿವರೆಗೆ ಸಂಬಳ, ಆಮೇಲೆ ಪಿಂಚಣಿ. ಪರಪ್ಪನ ಅಗ್ರಹಾರದ ಜಾಮರ್‌ನಿಂದ ಸುತ್ತಲಿನ ಮನೆಗಳಿಗೆ ಸಿಗ್ನಲ್ ಸಿಗುತ್ತಿಲ್ಲ ಅಂತ ಜನ ದೂರಿದ್ದೂ ಆಯಿತು. ಒಳಗೆ ಫೋನು ಹೋಗುವುದು ಗೇಟಿನ ತಪಾಸಣೆ ಸಡಿಲವಾದಾಗ. ಅದನ್ನು ತಡೆಯಲು ಸಾಕಷ್ಟು ಜನ ಬೇಕು.

ಹಾಗಾದರೆ ಕೈದಿಗಳೇ ದುಡಿದು ಗಳಿಸಲಿ ಅನ್ನುತ್ತಾರೆ ಕೆಲವರು. ವಿಚಾರಣಾಧೀನರಿಂದ ಕಡ್ಡಾಯವಾಗಿ ದುಡಿಸುವಂತಿಲ್ಲ. ಶಿಕ್ಷೆಯಾದವರ ಬೇಕರಿ, ಮಗ್ಗ, ಮುದ್ರಣದಿಂದ ಬರುವ ಆದಾಯ 0056 ಅನ್ನುವ ಜಮಾ ಶೀರ್ಷಿಕೆಯಲ್ಲಿ ಸರ್ಕಾರದ ಖಜಾನೆಗೆ ಸೇರುತ್ತದೆ. ಚೆನ್ನಾಗಿ ಗಳಿಸಿದ ಜೈಲು ಆ ದುಡ್ಡಿನಲ್ಲಿ ತನ್ನ ಛಾವಣಿ ರಿಪೇರಿ ಮಾಡಿಕೊಳ್ಳಲು ಆಗಲ್ಲ. ಟ್ರಾಫಿಕ್ ದಂಡದ ಕಥೆಯೂ ಇದೇ. 2023ರ ಫೆಬ್ರವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ದಂಡ ಕಟ್ಟಿದರು. ರಸೀದಿ ಹರಿದ ಪೊಲೀಸ್ ಠಾಣೆಯ ಕೈಗೆ ಅದು ನೇರವಾಗಿ ಬರುವುದಿಲ್ಲ.

ಠಾಣೆಯ ಸಣ್ಣ ಖರ್ಚುಗಳ ಬಗ್ಗೆ ಯಾರೂ ಮಾತಾಡಲ್ಲ. ಎ4 ಹಾಳೆ, ಪ್ರಿಂಟರ್ ಟೋನರ್, ರಾತ್ರಿ ಲಾಕಪ್ಪಿನಲ್ಲಿದ್ದವರಿಗೆ ಊಟ, ವಾರಸುದಾರರಿಲ್ಲದ ಶವವನ್ನು ಆಸ್ಪತ್ರೆಗೆ ಸಾಗಿಸಿ ಅಂತ್ಯಸಂಸ್ಕಾರ ಮಾಡುವ ವೆಚ್ಚ. ಬಿಲ್ಲು ಬರೆದು ಕಳಿಸಿದರೆ ತಿಂಗಳುಗಟ್ಟಲೆ ಓಡಾಡುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಜೇಬಿನಿಂದ ಹಾಕಿರುತ್ತಾರೆ. ಜೇಬಿನಿಂದ ಹಾಕಿದವರು ಅದನ್ನು ಎಲ್ಲಿಂದ ತುಂಬಿಕೊಳ್ಳುತ್ತಾರೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ದೂರು ಕೊಡಲು ಹೋದಾಗ ಬಿಳಿ ಹಾಳೆ ತರಿಸಿದ ಅನುಭವ ನಿಮಗೂ ಇರಬಹುದು.

ದುಡ್ಡಿಲ್ಲ ಅನ್ನುವ ಕಾರಣವನ್ನು ಸುಪ್ರೀಂ ಕೋರ್ಟ್ 1979ರಲ್ಲೇ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ತಳ್ಳಿಹಾಕಿತ್ತು. ಬೇಗ ವಿಚಾರಣೆ ನಡೆಸುವ ಹೊಣೆಯಿಂದ ಸರ್ಕಾರ ಹಣದ ಕೊರತೆ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಅಂದಿತು. ಸರಿ. ಆದರೆ ತೀರ್ಪಿನ ಜೊತೆ ಅನುದಾನ ಬರುವುದಿಲ್ಲವಲ್ಲ.

ಹಾಗಂತ ಎಲ್ಲದಕ್ಕೂ ಹೊಸ ದುಡ್ಡೇ ಬೇಕು ಅಂತಲೂ ಇಲ್ಲ. 2024ರ ಜುಲೈನಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ನೋಡಿ. ಮೊದಲ ಬಾರಿ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಇಲ್ಲ. ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದೇ. ತನ್ನ ಖರ್ಚನ್ನು ತಾನೇ ಇಳಿಸಿಕೊಳ್ಳಲು ಜೈಲಿಗೆ ಸಿಕ್ಕಿರುವ ಅಪರೂಪದ ಅಧಿಕಾರ ಇದು. ಬೇಕಾದದ್ದು ಯಾರು ಎಷ್ಟು ದಿನ ಕಳೆದರು ಅನ್ನುವ ಸರಿಯಾದ ಪಟ್ಟಿ, ಅದನ್ನು ವಾರವಾರ ನೋಡುವ ಒಬ್ಬ ಗುಮಾಸ್ತ.

ಇನ್ನು ಕೆಲವರಿಗೆ ಜಾಮೀನು ಸಿಕ್ಕಿರುತ್ತದೆ, ಆದರೂ ಒಳಗೇ ಇರುತ್ತಾರೆ. ಪಹಣಿ ಹಿಡಿದು ಬಂದು ಜಾಮೀನುದಾರರಾಗಿ ನಿಲ್ಲುವವರು ಇರಲ್ಲ, ಕಟ್ಟಲು ದುಡ್ಡೂ ಇರಲ್ಲ. ಇಂಥವರಿಗಾಗಿ ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಯೋಜನೆ ಇದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000 ರೂಪಾಯಿವರೆಗೆ ಅವಕಾಶ ಇತ್ತು. ಹಣ ಬಳಕೆಯಾಗುತ್ತಿಲ್ಲ ಅಂತ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಆಶ್ಚರ್ಯವೇನಿಲ್ಲ. ಈ ಕಡತ ಓಡಿಸುವ ಶ್ರಮ ಒಂದು ಕಚೇರಿಯದು, ಅದರಿಂದಾಗುವ ಉಳಿತಾಯ ಇನ್ನೊಂದು ಕಚೇರಿಯದು.

ನಿಮಗೆ ಗೊತ್ತಿರುವ ಯಾರಾದರೂ ಈ ಸ್ಥಿತಿಯಲ್ಲಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಜಾಮೀನು ಆದೇಶವಾಗಿ ಏಳು ದಿನ ಕಳೆದರೂ ಬಿಡುಗಡೆಯಾಗದಿದ್ದರೆ ಜೈಲಿನವರು ಅಲ್ಲಿಗೆ ತಿಳಿಸಬೇಕು ಅನ್ನುವುದು ನಿಯಮ. ತಿಳಿಸಿದ್ದಾರಾ ಅಂತ ಕೇಳಿ. ಆದೇಶದ ಪ್ರತಿ ಜೊತೆಗಿರಲಿ.