ಗೇರ್ ಕೇಬಲ್ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ಆದರೂ ಬದಲಿಸಬೇಕಾ?

"ಮಾಷ್ಟ್ರೇ, ನನ್ನದು ಎಂಟು ಗೇರಿನ ಶಿಮಾನೋ ಕ್ಲಾರಿಸ್ ಇರುವ ರೋಡ್ ಬೈಕ್. ಮೂರು ವರ್ಷ ಆಯಿತು. ಪೆರ್ಲದ ಕಡೆ ಹತ್ತುವಾಗ ಲಿವರ್ ಒತ್ತಿದರೂ ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರುವುದಿಲ್ಲ, ಎರಡು ಸಲ ಒತ್ತಬೇಕು. ಹದಿನೈದು ದಿನಕ್ಕೊಮ್ಮೆ ಬ್ಯಾರೆಲ್ (ಕೇಬಲ್ ಬಿಗಿ ಹೊಂದಿಸುವ ತಿರುಪು) ತಿರುಗಿಸಿ ಸರಿ ಮಾಡಿಕೊಳ್ಳುತ್ತಿದ್ದೇನೆ. ಕೇಬಲ್ ನೋಡಿದರೆ ಒಂದು ಎಳೆಯೂ ಬಿಟ್ಟಿಲ್ಲ. ಬದಲಿಸಬೇಕಾ? ಮನೆಯಲ್ಲೇ ಆಗುತ್ತದಾ?" ಹೀಗೆ ಕೇಳಿದವರು ಬದಿಯಡ್ಕದ ಓದುಗರೊಬ್ಬರು. ಮಳೆಗಾಲ ಮುಗಿಯುವ ಹೊತ್ತಿಗೆ ಇದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತದೆ.

ಬದಲಿಸಿ. ಈ ಭಾನುವಾರವೇ. ಮನೆಯಲ್ಲೇ ಆಗುತ್ತದೆ.

ನೀವು ನೋಡಿದ್ದು ಕೇಬಲ್‌ನ ಹೊರಗೆ ಕಾಣುವ ಭಾಗ, ಅಂದರೆ ಫ್ರೇಮಿನ ಕೆಳಗಿನ ಪೈಪಿನ ಪಕ್ಕ ಓಡುವ ತಂತಿ. ಅದಕ್ಕೆ ಏನೂ ಆಗುವುದಿಲ್ಲ, ಅದು ನೆಟ್ಟಗೆ ಹಿಂದೆ ಮುಂದೆ ಜಾರುತ್ತದೆ, ಅಷ್ಟೇ. ಕೇಬಲ್ ಸಾಯುವುದು ಬಲಗೈ ಲಿವರಿನ ಹೊಟ್ಟೆಯೊಳಗೆ. ಅಲ್ಲಿ ಒಂದು ಸಣ್ಣ ಗಾಲಿ ಇದೆ. ಒಂದೊಂದು ಕ್ಲಿಕ್‌ಗೂ ಕೇಬಲ್ ಅದಕ್ಕೆ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಹ್ಯಾಂಡಲ್ ಟೇಪಿನ ಅಡಿಯಲ್ಲಿ ಕೇಬಲ್ ಹೋಗುವ ಲಿವರುಗಳಲ್ಲಿ ಹೊರಬರುವಾಗ ಮತ್ತೊಂದು ಬಿಗಿ ತಿರುವು ಬೇರೆ. ಸರಿಗೆಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕೆಲಸ ಅಲ್ಲಿ ನಿಧಾನಕ್ಕೆ ನಡೆಯುತ್ತಿರುತ್ತದೆ. ಸಾಮಾನ್ಯ ಗೇರ್ ಕೇಬಲ್ 1.2 ಮಿ.ಮೀ. ದಪ್ಪ, 19 ಎಳೆ ಹೊಸೆದು ಮಾಡಿದ್ದು. ಒಂದು ಎಳೆ ಕಡಿದಾಗ ಉಳಿದವು ಹೊರೆ ಹೊರುತ್ತವೆ, ಚೂರು ಜಗ್ಗುತ್ತವೆ. ನಿಮ್ಮ ಎಂಟು ಗೇರಿನಲ್ಲಿ ಒಂದು ಕ್ಲಿಕ್‌ಗೆ ಕೇಬಲ್ ಜರುಗುವುದೇ 2.8 ಮಿ.ಮೀ. ಅದರಲ್ಲಿ ಅರ್ಧ ಮಿಲಿಮೀಟರ್ ಹೋದರೂ ಚೈನ್ ಅನುಮಾನಿಸುತ್ತದೆ. ನೀವು ಬ್ಯಾರೆಲ್ ತಿರುಗಿಸುತ್ತೀರಿ, ಸರಿಯಾಗುತ್ತದೆ. ಮತ್ತೊಂದು ಎಳೆ ಕಡಿಯುತ್ತದೆ, ಮತ್ತೆ ತಿರುಗಿಸುತ್ತೀರಿ. ಹೊಸ ಕೇಬಲ್ ಹಾಕಿದ ಮೊದಲ ವಾರ ಹೀಗೆ ತಿರುಗಿಸಬೇಕಾಗುವುದು ಸಹಜ. ಮೂರು ವರ್ಷದ ಹಳೆಯದಕ್ಕೆ ಪದೇ ಪದೇ ಬೇಕಾದರೆ ಅದು ಒಳಗೆ ಕಡಿಯುತ್ತಿದೆ ಎಂದೇ ಲೆಕ್ಕ.

ಇನ್ನೊಂದು ರೋಗವೂ ಇದೆ, ಅದು ಉಲ್ಟಾ. ದೊಡ್ಡ ಚಕ್ರಕ್ಕೆ ಸರಿಯಾಗಿ ಏರುತ್ತದೆ, ಸಣ್ಣದಕ್ಕೆ ಇಳಿಯುವಾಗ ಸೋಮಾರಿ. ಇಳಿಸುವುದು ನಿಮ್ಮ ಕೈಯಲ್ಲ, ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಡಿರೈಲರ್‌ನ ಸ್ಪ್ರಿಂಗು. ಕೇಬಲ್ ಔಟರಿನೊಳಗೆ, ಅಂದರೆ ಅದರ ಹೊರಕೊಳವೆಯೊಳಗೆ, ಸಿಕ್ಕಿಕೊಂಡರೆ ಸ್ಪ್ರಿಂಗಿಗೆ ಎಳೆಯಲು ತ್ರಾಣ ಸಾಲುವುದಿಲ್ಲ. ನಮ್ಮ ಕಾಸರಗೋಡಿನ ಕಡೆ ಇದೇ ಜಾಸ್ತಿ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ, ಒಂದು ಬದಿಯಿಂದ ಕಡಲ ಉಪ್ಪುಗಾಳಿ, ಉಳಿದ ತಿಂಗಳು ಮುರಕಲ್ಲಿನ ಕೆಂಪು ಧೂಳು. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಹೆದ್ದಾರಿ ಅಗಲ ಮಾಡುವಾಗ ಆ ದಾರಿಯಲ್ಲಿ ಸೈಕಲ್ ಹೊಡೆದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆ ಕೆಸರು ಹೋಗಿ ಕೂರುವುದು ಎರಡು ಕಡೆ: ಪೆಡಲ್ ಅಚ್ಚಿನ ಅಡಿಯ ಪ್ಲಾಸ್ಟಿಕ್ ದಾರಿಯಲ್ಲಿ, ಮತ್ತೆ ಹಿಂದಿನ ಡಿರೈಲರ್‌ಗೆ ಬಳುಕಿ ಹೋಗುವ ಗಿಡ್ಡ ಔಟರಿನಲ್ಲಿ. ಇದಕ್ಕೆ ತೆಂಗಿನೆಣ್ಣೆ ಬಿಡುವವರಿದ್ದಾರೆ. ಬೇಡ ಮಾರಾಯ್ರೆ. ಎರಡು ದಿನ ಸಲೀಸು, ಆಮೇಲೆ ಧೂಳು ಸೇರಿ ಮಡ್ಡಿ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಕೇಬಲ್‌ನೊಳಗೆ ಮಾತ್ರ ನೀರಾಗಿರುತ್ತದಾ?

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಒಂದು ಆಟಿ ತಿಂಗಳ ಮಳೆಯಲ್ಲಿ ಪೊಸಡಿಗುಂಪೆ ಗುಡ್ಡ ಹತ್ತುತ್ತಿದ್ದೆ. ಲಿವರಿನೊಳಗೆ "ಟಕ್" ಎಂದಿತು. ಚೈನ್ ಸೀದಾ 11 ಹಲ್ಲಿನ ಚಕ್ರಕ್ಕೆ ಬಿತ್ತು. ಏರುದಾರಿಯಲ್ಲಿ ಎಲ್ಲಕ್ಕಿಂತ ಭಾರದ ಗೇರು! ಕಿಸೆಯಲ್ಲಿ ಅಲೆನ್ ಕೀ ಇತ್ತು, ಬಚಾವ್. ತುಂಡಾದ ಕೇಬಲನ್ನು ಕೆಳಗಿನಿಂದ ಎಳೆದು ಔಟರಿನಿಂದ ಹೊರಗೆ ತೆಗೆದೆ. ಬಾಟಲಿ ಸ್ಟ್ಯಾಂಡಿನ ಬೋಲ್ಟ್ ಸಡಿಲಿಸಿ, ಚೈನ್ ನಡುವಿನ ಚಕ್ರಕ್ಕೆ ಬರುವಷ್ಟು ಜಗ್ಗಿ, ಬೋಲ್ಟಿನ ಅಡಿಗೆ ಸುತ್ತಿ ಬಿಗಿದೆ. ಒಂದೇ ಗೇರಿನಲ್ಲಿ ಮನೆ ಸೇರಿದೆ. ನಿಜವಾದ ಕಷ್ಟ ಮನೆಯಲ್ಲಿತ್ತು. ಕೇಬಲ್ ತುದಿಯ ಲೋಹದ ಗುಂಡು ಲಿವರಿನೊಳಗೇ ಉಳಿದಿತ್ತು. ಅಮ್ಮನ ಹೊಲಿಗೆ ಡಬ್ಬಿಯ ಸೂಜಿ, ಒಂದು ಚಿಮುಟ, ಟಾರ್ಚು ಹಿಡಿದು ಅದನ್ನು ಹೊರಗೆ ತರುವಷ್ಟರಲ್ಲಿ ಸಂಜೆಯ ಚಾ ಆಗಿತ್ತು. ನಿಮಗೂ ಹಾಗಾದರೆ ಸಿಟ್ಟಿನಲ್ಲಿ ಲಿವರ್ ಟಕಟಕ ಒತ್ತಬೇಡಿ, ಚೂರಾದ ಎಳೆಗಳು ಹಲ್ಲಿನ ನಡುವೆ ಸಿಕ್ಕಿಕೊಂಡರೆ ಲಿವರೇ ಹೋಗುತ್ತದೆ. ಕೇಬಲ್‌ಗೆ ಕೆಲವು ನೂರು ರೂಪಾಯಿ, ಲಿವರಿಗೆ ಸಾವಿರಗಟ್ಟಲೆ.

ಈಗ ಸಾಮಾನು. ಅಂಗಡಿಗೆ ಹೋಗಿ ಸುಮ್ನೆ "ಸೈಕಲ್ ಕೇಬಲ್" ಅಂದರೆ ಬ್ರೇಕಿನದ್ದು ಸಿಕ್ಕೀತು. ಗೇರಿನ ಇನ್ನರ್, ಅಂದರೆ ಒಳಗಿನ ತಂತಿ, 1.2 ಮಿ.ಮೀ., ತುದಿಯಲ್ಲಿ ಸಣ್ಣ ಉರುಟು ಗುಂಡು. ಬ್ರೇಕಿನದ್ದು ಹೆಚ್ಚು ದಪ್ಪ. ಔಟರಿನಲ್ಲಿ ಇನ್ನೂ ಎಚ್ಚರ ಬೇಕು. ಒಮ್ಮೆ ಒಂದು ಅಂಗಡಿಯಲ್ಲಿ ನನಗೆ ಬ್ರೇಕಿನ ಔಟರನ್ನೇ ಕತ್ತರಿಸಿ ಕೊಟ್ಟು "ಎಲ್ಲಾಂ ಒನ್ನು ತನ್ನೆ" ಅಂದರು. ಎಲ್ಲ ಒಂದೇ ಅಲ್ಲ. ಬ್ರೇಕಿನ ಔಟರ್ 5 ಮಿ.ಮೀ., ಒಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ, ಎಳೆದಾಗ ಕುಗ್ಗುತ್ತದೆ. ಗೇರಿನದ್ದು 4 ಮಿ.ಮೀ., ತಂತಿಗಳು ಉದ್ದಕ್ಕೆ ಮಲಗಿರುತ್ತವೆ, ಕುಗ್ಗುವುದಿಲ್ಲ. ಕ್ಲಿಕ್ಕಿಗೊಂದು ಗೇರ್ ಬೀಳುವ ಶಿಮಾನೋ ಪದ್ಧತಿ ಬಂದದ್ದು 1984ರಲ್ಲಿ. (ಕಾಸರಗೋಡು ಜಿಲ್ಲೆಯಾದದ್ದೂ ಅದೇ ವರ್ಷ!) ಆ ಪದ್ಧತಿ ನಿಂತಿರುವುದೇ ಔಟರ್ ಕುಗ್ಗುವುದಿಲ್ಲ ಎಂಬ ನಂಬಿಕೆಯ ಮೇಲೆ. ಗೇರಿನ ಔಟರನ್ನು ಬ್ರೇಕಿಗೆ ಹಾಕುವುದಂತೂ ಬೇಡವೇ ಬೇಡ. ಜೋರಾಗಿ ಹಿಡಿದಾಗ ಒಡೆದು ಹೋದೀತು.

ಕೆಲಸಕ್ಕೆ ಕೂರುವ ಮೊದಲು, ಡಿರೈಲರ್ ಬೋಲ್ಟಿನ ಕೆಳಗೆ ಕೇಬಲ್ ಯಾವ ಬದಿಯಿಂದ ಹೋಗಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಡಿ. ಬದಿ ತಪ್ಪಿದರೆ ಗೇರ್ ಎಂದೂ ಕೂರುವುದಿಲ್ಲ.

ಪೆಡಲ್ ತಿರುಗಿಸುತ್ತಾ ಎಲ್ಲಕ್ಕಿಂತ ಸಣ್ಣ ಚಕ್ರಕ್ಕೆ ತನ್ನಿ. ಅಲ್ಲಿಗೆ ಬಂದ ಮೇಲೂ ಕ್ಲಿಕ್ ಮುಗಿಯುವವರೆಗೆ ಲಿವರ್ ಒತ್ತಿ. ಆಗ ಮಾತ್ರ ಗುಂಡು ಲಿವರಿನ ತೂತಿನ ಎದುರಿಗೆ ಬರುತ್ತದೆ. ಬೋಲ್ಟ್ ಸಡಿಲಿಸಿ, ಕೇಬಲ್ ತುದಿಯ ಟೊಪ್ಪಿ ಕತ್ತರಿಸಿ, ಲಿವರಿನ ಕಡೆಗೆ ತಳ್ಳಿ. ರಬ್ಬರ್ ಮಡಚಿ ಟಾರ್ಚ್ ಬಿಟ್ಟರೆ ಗುಂಡು ಇಣುಕುವುದು ಕಾಣುತ್ತದೆ. ಹೊಸದನ್ನು ಅದೇ ತೂತಿನಿಂದ ತೂರಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ತುದಿ ಸೀಳಿದರೆ ಆ ಕೇಬಲ್ ಮುಗಿಯಿತು. ಸ್ವಲ್ಪ ಹಿಂದೆಳೆದು ಬೆರಳಲ್ಲಿ ಹೊರಳಿಸುತ್ತಾ ತಳ್ಳಿ.

ಹಿಂದಿನ ಗಿಡ್ಡ ಔಟರನ್ನು ಕೇಬಲಿನ ಜೊತೆಗೇ ಬದಲಿಸಿ, ಅದರಲ್ಲಿ ಜಿಪುಣತನ ಬೇಡ. ಹಳೆಯದರ ಅಳತೆಗೇ ಕತ್ತರಿಸಿ. ಸಾಮಾನ್ಯ ಕಟ್ಟಿಂಗ್ ಪ್ಲೇಯರ್ ತುದಿಯನ್ನು ಜಜ್ಜುತ್ತದೆ. ಕೇಬಲ್ ಕಟ್ಟರ್ ಇಲ್ಲದಿದ್ದರೆ ಅಂಗಡಿಯಲ್ಲೇ ಕತ್ತರಿಸಿ ತರುವುದು ಲೇಸು. ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿ, ಮುಚ್ಚಿಕೊಂಡ ಒಳಕೊಳವೆಯನ್ನು ದಬ್ಬಣದಿಂದ ಬಿಡಿಸಿ. ಹ್ಯಾಂಡಲ್ ಟೇಪಿನ ಅಡಿಯ ಔಟರಿನಲ್ಲಿ ಹೊಸ ಇನ್ನರ್ ಕೈಯಲ್ಲೇ ಸಲೀಸಾಗಿ ಜಾರಿದರೆ ಈ ವರ್ಷಕ್ಕೆ ಬಿಡಿ, ಟೇಪ್ ಬಿಚ್ಚುವ ರಗಳೆ ಯಾಕೆ?

ಬ್ಯಾರೆಲನ್ನು ಪೂರ್ತಿ ಒಳಗೆ ತಿರುಗಿಸಿ ಒಂದು ಸುತ್ತು ಹೊರಗೆ ಬಿಡಿ. ಕೇಬಲನ್ನು ಕೈಯಲ್ಲಿ ಬಿಗಿಯಾಗಿ ಎಳೆದು ಬೋಲ್ಟ್ ಬಿಗಿಯಿರಿ, 6ರಿಂದ 7 ನ್ಯೂಟನ್ ಮೀಟರ್. ಈಗ ಕೆಳಗಿನ ಪೈಪಿನ ಪಕ್ಕದ ತಂತಿಯನ್ನು ಹಿಡಿದು ಎರಡು ಮೂರು ಸಲ ಜೋರಾಗಿ ಜಗ್ಗಿ. "ಕೇಬಲ್ ಉದ್ದ ಆಗುತ್ತದೆ" ಅನ್ನುತ್ತಾರಲ್ಲ, ನಿಜಕ್ಕೂ ಔಟರಿನ ತುದಿಗಳು ತಮ್ಮ ಜಾಗದಲ್ಲಿ ಕೂರುವುದು ಅದು. ಸಡಿಲವಾದದ್ದನ್ನು ಮತ್ತೆ ಎಳೆದು ಬಿಗಿಯಿರಿ. ಒಂದು ಕ್ಲಿಕ್ ಒತ್ತಿ ಪೆಡಲ್ ತಿರುಗಿಸಿ. ಚೈನ್ ಎರಡನೇ ಚಕ್ರಕ್ಕೆ ಏರಲು ಹಿಂಜರಿದರೆ, ಸೈಕಲಿನ ಹಿಂದೆ ನಿಂತು ಬ್ಯಾರೆಲನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ. ಹಾರಿ ಮೂರನೆಯದಕ್ಕೆ ಉಜ್ಜಿದರೆ ಪ್ರದಕ್ಷಿಣ. ಡಿರೈಲರ್‌ನ ಎರಡು ಸಣ್ಣ ಮಿತಿ ಸ್ಕ್ರೂಗಳ ತಂಟೆಗೆ ಹೋಗಬೇಡಿ, ಕೇಬಲ್ ಬದಲಿಸಿದ್ದಕ್ಕೂ ಅವಕ್ಕೂ ಸಂಬಂಧವಿಲ್ಲ. ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಟೊಪ್ಪಿ ಹಾಕಿ.

ಹಳೆ ಕೇಬಲನ್ನು ಬಿಸಾಡುವ ಮೊದಲು ಗುಂಡಿನ ಹತ್ತಿರದ ಒಂದೆರಡು ಇಂಚನ್ನು ಬೆಳಕಿಗೆ ಹಿಡಿದು ನೋಡಿ. ಬೆರಳಾಡಿಸಬೇಡಿ, ಮುಳ್ಳಿನಂತೆ ಚುಚ್ಚುತ್ತದೆ. ಎಷ್ಟು ಎಳೆ ಉಳಿದಿತ್ತು ಎಂದು ಎಣಿಸಿ ನನಗೊಂದು ಸಾಲು ಬರೆಯಿರಿ. ಪೊಸಡಿಗುಂಪೆಯ ನಂತರ ನಾನು ಹೊರಗೆ ತೆಗೆದವುಗಳಲ್ಲಿ ಆರು ಎಳೆಗೆ ಬಂದದ್ದೇ ದಾಖಲೆ.