ಒಬ್ಬನೇ ಇರೋ ಹುಡುಗ ಭೌತವಿಜ್ಞಾನಿ ಆಗಬಹುದಾ?

“ಮಗ ಯಾರ ಜೊತೆಯೂ ಬೆರೆಯಲ್ಲ ಸರ್. ರೂಮಿನ ಬಾಗಿಲು ಹಾಕ್ಕೊಂಡು ಒಬ್ಬನೇ ಇರ್ತಾನೆ. ಫಿಸಿಕ್ಸ್ ಅಂದ್ರೆ ಪ್ರಾಣ, ರಾತ್ರಿ ತಾರಸಿ ಮೇಲೆ ಕೂತು ನಕ್ಷತ್ರ ನೋಡ್ತಾನೆ. ರಿಸರ್ಚ್ ಅಂದ್ರೆ ಹೇಗೂ ಒಬ್ಬರೇ ಕೂತು ಮಾಡೋ ಕೆಲಸ, ಅವನಿಗೆ ಅದೇ ಸರಿ ಅಲ್ವಾ?”

ಪಿಯುಸಿ ಫಲಿತಾಂಶ ಬಂದ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ, ಮಾತು ಅದೇ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಕೇಳಿದ್ದು ಒಬ್ಬ ತಾಯಿ, ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಉತ್ತರ. ಓದಲಿ, ಖಂಡಿತ ಓದಲಿ. ಮಾತು ಕಡಿಮೆ ಇರುವುದು ಯಾವ ಅಡ್ಡಿಯೂ ಅಲ್ಲ. ಆದರೆ “ಹೇಗೂ ಒಬ್ಬರೇ ಕೂತು ಮಾಡೋ ಕೆಲಸ” ಅಂತ ನಂಬಿಸಿ ಮಾತ್ರ ಅವನನ್ನು ಕಳಿಸಬೇಡಿ. ಅದು ಶುದ್ಧ ಸುಳ್ಳು.

ಈ ಸುಳ್ಳು ಎಲ್ಲಿಂದ ಬಂತು ಅಂದರೆ, ನಾವು ಮಕ್ಕಳಿಗೆ ಹೇಳುವ ಕಥೆಗಳಿಂದಲೇ. ಪ್ರತಿ ವರ್ಷ ಫೆಬ್ರವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನಕ್ಕೆ, ಶಾಲೆಗಳಲ್ಲಿ ಭಾಷಣ ಕೇಳಿರುತ್ತೀರಿ. ಸಿ. ವಿ. ರಾಮನ್ ಹಡಗಿನಲ್ಲಿ ಬರುತ್ತಿದ್ದರು, ಸಮುದ್ರದ ನೀಲಿ ನೋಡಿದರು, ತಲೆಯಲ್ಲಿ ಮಿಂಚು ಹೊಳೆಯಿತು, ನೊಬೆಲ್ ಬಂತು. ಕೇಳಲು ಚೆನ್ನಾಗಿದೆ. ಆದರೆ ಹಡಗಿನ ಪ್ರಯಾಣ 1921ರಲ್ಲಿ, ಶೋಧ ಆದದ್ದು 1928ರಲ್ಲಿ. ನಡುವಿನ ಏಳು ವರ್ಷ ಏನು ನಡೆಯಿತು ಅಂತ ಯಾರೂ ಕೇಳುವುದೇ ಇಲ್ಲ!

ಕಲ್ಕತ್ತದ ಬೌಬಜಾರ್ ರಸ್ತೆಯ ಆ ಪ್ರಯೋಗಾಲಯದಲ್ಲಿ ರಾಮನ್ ಸುತ್ತ ಒಂದು ದೊಡ್ಡ ವಿದ್ಯಾರ್ಥಿ ಬಳಗವೇ ಇತ್ತು. 1923ರಲ್ಲಿ ಕೆ. ಆರ್. ರಾಮನಾಥನ್ ನೀರಿನಲ್ಲಿ ಬೆಳಕು ಹೇಗೆ ಚದುರುತ್ತದೆ ಅಂತ ನೋಡುತ್ತಿದ್ದಾಗ, ಇರಬಾರದ ಒಂದು ಮಂದ ಬೆಳಕು ಕಂಡಿತು. ನೀರಿನಲ್ಲಿ ಕಲ್ಮಶ ಇರಬೇಕು ಅಂತ ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ಮುಂದೆ ವೆಂಕಟೇಶ್ವರನ್ ಅನ್ನುವವರು ಗ್ಲಿಸರಿನ್ ಇಟ್ಟು ನೋಡಿದರು. ನೀಲಿ ಕಾಣಬೇಕಾದಲ್ಲಿ ಹಸಿರು ಛಾಯೆ ಕಂಡಿತು. ಆಮೇಲೆ 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಪ್ರಯೋಗಕ್ಕೆ ಇಳಿದರು. ಸುಮಾರು ಅರವತ್ತು ದ್ರವಗಳನ್ನು ಒಂದಾದ ಮೇಲೆ ಒಂದರಂತೆ ಪರೀಕ್ಷೆ ಮಾಡಿದರು. ಎಲ್ಲದರಲ್ಲೂ ಅದೇ ಬೆಳಕು. ಅಂದರೆ ಅದು ಕಲ್ಮಶ ಆಗಿರಲು ಸಾಧ್ಯವೇ ಇಲ್ಲ. ಚದುರಿದ ಬೆಳಕಿನ ಒಂದು ಸಣ್ಣ ಭಾಗದ ಬಣ್ಣವೇ ಬದಲಾಗುತ್ತದೆ ಅನ್ನುವ ಈ ಶೋಧವೇ ರಾಮನ್ ಪರಿಣಾಮ. ‘ನೇಚರ್’ ಪತ್ರಿಕೆಗೆ ಹೋದ ಆ ಟಿಪ್ಪಣಿಯಲ್ಲಿ ರಾಮನ್ ಮತ್ತು ಕೃಷ್ಣನ್, ಎರಡು ಹೆಸರು ಇವೆ.

ಇದರಿಂದ ರಾಮನ್ ದೊಡ್ಡತನ ಕಡಿಮೆ ಆಯಿತು ಅಂತ ಕೆಲವರಿಗೆ ಬೇಜಾರಾಗುತ್ತದೆ. ಹೇಗೆ ಕಡಿಮೆ ಆಗುತ್ತದೆ? ಐದು ವರ್ಷದ ಹಿಂದೆ ಒಬ್ಬ ಶಿಷ್ಯ ಕಂಡಿದ್ದನ್ನು ಮರೆಯದೆ, ಇನ್ನೊಬ್ಬ ಕಂಡಿದ್ದರ ಜೊತೆ ಸೇರಿಸಿ, ಮೂರನೆಯವರ ಕೈಗೆ ಸರಿಯಾದ ಕೆಲಸ ಕೊಡುವುದು ಸಣ್ಣ ವಿಷಯವಾ? ಅವರು 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಬಂದಾಗಲೂ ಮೊದಲು ಮಾಡಿದ್ದು ಒಂದು ಭೌತಶಾಸ್ತ್ರ ವಿಭಾಗ ಕಟ್ಟುವ ಕೆಲಸವನ್ನೇ.

ನಾನು ಕೆಲಸ ಮಾಡುವ ಭೌತಶಾಸ್ತ್ರ ವಿಭಾಗದಲ್ಲಿ ನಡೆದ ಒಂದು ವಿಷಯ ಹೇಳುತ್ತೇನೆ. ಒಬ್ಬ ಹುಡುಗಿ ಆಗಷ್ಟೇ ಪಿಎಚ್‌ಡಿಗೆ ಸೇರಿದ್ದಳು. ದೂರದ ಗೆಲಾಕ್ಸಿಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ಕೆಲಸ. ಒಂದು ಗೆಲಾಕ್ಸಿಯಲ್ಲಿ 5577 ಆಂಗ್‌ಸ್ಟ್ರಾಂ (ಬೆಳಕಿನ ಅಲೆಯ ಉದ್ದ ಅಳೆಯುವ ಮಾನ) ಹತ್ತಿರ, ಹಸಿರು ಬಣ್ಣದ ಜಾಗದಲ್ಲಿ, ಸೂಜಿ ನಿಲ್ಲಿಸಿದ ಹಾಗೆ ಒಂದು ಗೆರೆ. ಆ ಗೆಲಾಕ್ಸಿಯಲ್ಲಿ ಆ ಜಾಗದಲ್ಲಿ ಯಾವ ಗೆರೆಯೂ ಇರಬಾರದು. ಏನೋ ಹೊಸದು ಸಿಕ್ಕಿದೆ ಅಂತ ಮೂರು ವಾರ ಯಾರಿಗೂ ಹೇಳದೆ ಒಬ್ಬಳೇ ಗುದ್ದಾಡಿದಳು. ಕೊನೆಗೆ ಒಂದು ಸಂಜೆ ಟೀ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ವಾತಾವರಣದ ಮೇಲೆ ಕೆಲಸ ಮಾಡುವ ಪಕ್ಕದ ಲ್ಯಾಬಿನ ಹುಡುಗ, ಬಿಸ್ಕತ್ತು ಅದ್ದುತ್ತಾ ಬಗ್ಗಿ ನೋಡಿ, “ಇದು ಆಕ್ಸಿಜನ್ ಅಲ್ವಾ ಅಕ್ಕಾ, ನಮ್ಮ ಆಕಾಶದ್ದು?” ಅಂದ.

ಅವನು ಹೇಳಿದ್ದು ಸರಿ. ನೆಲದಿಂದ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಆಕ್ಸಿಜನ್ ಪರಮಾಣುಗಳು ರಾತ್ರಿಯಿಡೀ ಮಂದವಾದ ಹಸಿರು ಬೆಳಕು ಬೀರುತ್ತವೆ. ಗೆಲಾಕ್ಸಿಯ ಬೆಳಕಿನ ಜೊತೆ ಅದೂ ದೂರದರ್ಶಕಕ್ಕೆ ಬೀಳುತ್ತದೆ. ಅದನ್ನು ಲೆಕ್ಕದಲ್ಲಿ ಕಳೆಯುವಾಗ ಚೂರು ಉಳಿದುಬಿಟ್ಟಿತ್ತು. ಉಳಿದ ಗೆಲಾಕ್ಸಿಗಳನ್ನೂ ತೆಗೆದು ನೋಡಿದರು. ಒಂದೊಂದು ಒಂದೊಂದು ದೂರದಲ್ಲಿವೆ, ಗೆರೆ ಮಾತ್ರ ಎಲ್ಲದರಲ್ಲೂ ಅದೇ ಜಾಗ. ಗೆಲಾಕ್ಸಿಯದ್ದೇ ಆಗಿದ್ದರೆ ದೂರಕ್ಕೆ ತಕ್ಕಂತೆ ಜಾಗ ಸರಿಯಬೇಕಿತ್ತು. ಮೂರು ವಾರದ ಗಂಟು ಒಂದು ಲೋಟ ಟೀ ಆರುವುದರೊಳಗೆ ಬಿಚ್ಚಿತು. ಹುಡುಗಿ ಅವತ್ತು ಅತ್ತಳು. ಮಾರನೇ ದಿನ ಬಂದು ಅವನಿಂದ ಆಕಾಶದ ಗೆರೆಗಳ ಪಟ್ಟಿ ಇಸ್ಕೊಂಡು ಹೋದಳು.

ಅದಕ್ಕೇ ವಿಭಾಗದಲ್ಲಿ ಟೀ, ವಾರದ ಸೆಮಿನಾರ್, ಹೊಸ ಪೇಪರುಗಳ (ಸಂಶೋಧನಾ ಲೇಖನಗಳ) ಮೇಲೆ ಚರ್ಚೆ ಇವೆಲ್ಲ ಇರುವುದು. ಹೊರಗಿನವರು ಇದನ್ನು ಕಾಲಹರಣ ಅಂದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ದೂರದರ್ಶಕಕ್ಕೆ ಕಣ್ಣಿಟ್ಟು ರಾತ್ರಿಯೆಲ್ಲ ಒಬ್ಬನೇ ಕೂರುವ ಚಿತ್ರವೂ ಹಳೆಯದಾಯಿತು. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ಇಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಅಲ್ಲಿಯ ಚಳಿಯಲ್ಲಿ ಇರುವ ಸಿಬ್ಬಂದಿಯ ಸಹಾಯ ಬೇಕೇ ಬೇಕು.

ಇಷ್ಟೊಂದು ಜನ ಸೇರಿ ಕೆಲಸ ಮಾಡಿದರೆ ಪೇಪರಿನಲ್ಲಿ ಯಾರ ಹೆಸರು ಮೊದಲು? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಸೇರುವ ಮಕ್ಕಳು ತಿಳಿದಿರಬೇಕು. ಕಣ ಭೌತಶಾಸ್ತ್ರದ ದೊಡ್ಡ ತಂಡಗಳಲ್ಲಿ ಅಕ್ಷರಮಾಲೆಯ ಕ್ರಮ. ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಪೇಪರಿಗೆ 5154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು! ಸಣ್ಣ ತಂಡಗಳಲ್ಲಿ ಸಾಮಾನ್ಯವಾಗಿ ಜಾಸ್ತಿ ಕೆಲಸ ಮಾಡಿದವರ ಹೆಸರು ಮೊದಲು. ಇಲ್ಲೇ ಜಗಳಗಳು ಹುಟ್ಟುವುದು.

ಜಾಸ್ಲಿನ್ ಬೆಲ್ ಕಥೆ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಗೆಳೆಯರ ಜೊತೆ ಹೊಲದಲ್ಲಿ ಕಂಬ ನೆಟ್ಟು, ತಂತಿ ಎಳೆದು ರೇಡಿಯೊ ದೂರದರ್ಶಕ ಕಟ್ಟಿದವರು ಅವರು. 1967ರಲ್ಲಿ ಉದ್ದುದ್ದ ಕಾಗದದ ಸುರುಳಿಯಲ್ಲಿ ಅರ್ಧ ಸೆಂಟಿಮೀಟರಿನ ಒಂದು ಗೀಚು ಅವರ ಕಣ್ಣಿಗೆ ಬಿತ್ತು. ಅದೇ ಮೊದಲ ಪಲ್ಸಾರ್, ಅಂದರೆ ಗಿರಗಿರ ತಿರುಗುತ್ತಾ ತಾಳ ತಪ್ಪದೆ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ. ಪೇಪರಿನಲ್ಲಿ ಐದು ಹೆಸರು, ಮಾರ್ಗದರ್ಶಕ ಹ್ಯೂಯಿಶ್ ಮೊದಲು, ಬೆಲ್ ಎರಡನೆಯವರು. 1974ರ ನೊಬೆಲ್ ಹ್ಯೂಯಿಶ್ ಮತ್ತು ರೈಲ್ ಅವರಿಗೆ ಹೋಯಿತು. ಬೆಲ್‌ಗೆ ಸಿಗಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 2018ರಲ್ಲಿ ಅವರಿಗೆ 30 ಲಕ್ಷ ಡಾಲರಿನ ಬೇರೊಂದು ಬಹುಮಾನ ಬಂತು. ಭೌತಶಾಸ್ತ್ರದಲ್ಲಿ ಅವಕಾಶ ಕಡಿಮೆ ಇರುವ ಸಮುದಾಯಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅಂತ ಅಷ್ಟನ್ನೂ ಕೊಟ್ಟುಬಿಟ್ಟರು.

ಇನ್ನು ನಿಮ್ಮ ಮಗನ ವಿಷಯ, ಅಮ್ಮ. ಅವನು ವಾಚಾಳಿ ಆಗಬೇಕಿಲ್ಲ. “ನನಗೆ ಇದು ಅರ್ಥ ಆಗಲಿಲ್ಲ” ಅಂತ ಇನ್ನೊಬ್ಬರ ಮುಂದೆ ಹೇಳಲು ಕಲಿತರೆ ಸಾಕು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ತೆರೆದ ಉಪನ್ಯಾಸ ಇದ್ದಾಗ ಕಳಿಸಿ. ಕೊನೇ ಸಾಲಿನಲ್ಲಿ ಕೂತು ಬರಲಿ. ಮುಗಿದ ತಕ್ಷಣ ಎದ್ದು ಓಡಿ ಬರಬೇಡ, ಟೀ ಕುಡಿದೇ ಬಾ ಅಂತ ಮಾತ್ರ ಹೇಳಿ.