ಹಳೇ ಕಾಲದ ಯುದ್ಧಗಳಲ್ಲಿ ನಾಯಿಗಳಿದ್ದವಾ? ಇದ್ದರೆ ಯಾವ ತಳಿ?

ಪ್ರಶ್ನೆ: ರೋಮನ್ ಸೈನ್ಯದಲ್ಲಿ ಕವಚ ತೊಟ್ಟ ಮಾಸ್ಟಿಫ್ (ಭಾರೀ ಗಾತ್ರದ ಕಾವಲು ನಾಯಿ) ನಾಯಿಗಳ ದಳವೇ ಇತ್ತಂತೆ. ಇದು ನಿಜವಾ? ಆ ತಳಿ ಈಗಲೂ ಸಿಗುತ್ತದಾ?

ಕವಚದ ದಳದ ಕತೆಗೆ ಗಟ್ಟಿ ಆಧಾರ ಇಲ್ಲ. ಆದರೆ ನಾಯಿಗಳು ಯುದ್ಧಕ್ಕೆ ಹೋಗಿದ್ದಂತೂ ಹೌದು. ಅದರಲ್ಲೂ ಜಾಸ್ತಿ ಕತೆಗಳು ಬರುವುದು ರೋಮಿನಿಂದ ಅಲ್ಲ, ಇವತ್ತಿನ ಟರ್ಕಿಯ ಪಶ್ಚಿಮ ಭಾಗದಿಂದ.

ಅಲ್ಲಿ ಲಿಡಿಯಾ ಎಂಬ ರಾಜ್ಯವಿತ್ತು. ಅದರ ದೊರೆ ಅಲ್ಯಾಟ್ಟೆಸ್, ದಾಳಿಗೆ ಬಂದ ಸಿಮ್ಮೇರಿಯನ್ ಎಂಬ ಜನರ ಮೇಲೆ ನಾಯಿಗಳನ್ನು ಛೂ ಬಿಟ್ಟನಂತೆ. ಅಲ್ಲೇ ಹತ್ತಿರದ ಮ್ಯಾಗ್ನೀಸಿಯಾ ಊರಿನವರ ವಿಷಯ ಇನ್ನೂ ಚೆನ್ನಾಗಿದೆ. ಪಕ್ಕದ ಎಫೆಸಸ್ ಊರಿನ ಮೇಲಿನ ಯುದ್ಧದಲ್ಲಿ ಅವರ ಪ್ರತಿ ಕುದುರೆ ಸವಾರನ ಜೊತೆಗೂ ಒಂದು ಬೇಟೆನಾಯಿ, ಒಬ್ಬ ಈಟಿ ಎಸೆಯುವ ಆಳು. ಮೊದಲು ನಾಯಿಗಳು ನುಗ್ಗಿ ಎದುರಾಳಿಗಳ ಸಾಲನ್ನು ಕದಡಬೇಕು. ಆಮೇಲೆ ಆಳುಗಳ ಈಟಿ. ಕೊನೆಗೆ ಕುದುರೆಗಳು. ಕೊಲೊಫೋನ್ ಊರಿನವರೂ ನಾಯಿಗಳ ಪಡೆ ಕಟ್ಟಿದ್ದರು. ರೋಮಿನ ಲೇಖಕ ಪ್ಲಿನಿ ಅವುಗಳನ್ನು ಸಂಬಳ ಕೇಳದ, ಹಿಂದೆ ಸರಿಯದ ಬಂಟರು ಅಂತ ಹೊಗಳುತ್ತಾನೆ.

ಇಲ್ಲಿ ಸ್ವಲ್ಪ ತಡೆಯಿರಿ. ಅಲ್ಯಾಟ್ಟೆಸ್ ಆಳಿದ್ದು ಕ್ರಿ.ಪೂ. 600ರ ಆಸುಪಾಸು. ಅವನ ನಾಯಿಗಳ ಕತೆ ಬರೆದ ಪಾಲಿಯೈನಸ್ ಬದುಕಿದ್ದು ಕ್ರಿ.ಶ. 2ನೇ ಶತಮಾನದಲ್ಲಿ. ನಡುವೆ ಏಳು ನೂರು ವರ್ಷ! ಸುಮ್ನೆ ಕಟ್ಟಿದ ಕತೆ ಅಂತ ತಳ್ಳಿಹಾಕಬೇಕಿಲ್ಲ. ಕಣ್ಣಾರೆ ಕಂಡವರ ಮಾತು ಅಂತ ನಂಬಲೂ ಆಗುವುದಿಲ್ಲ.

ನಾಯಿಯ ನಿಜವಾದ ಕೆಲಸ ಏನಿತ್ತು ಅಂತ ತಿಳಿಯಬೇಕಾದರೆ ಕತೆ ಹೇಳುವವರನ್ನು ಬಿಟ್ಟು ಯುದ್ಧದ ಕೈಪಿಡಿ ಬರೆದವರ ಹತ್ತಿರ ಹೋಗಬೇಕು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಈನಿಯಾಸ್ ಟ್ಯಾಕ್ಟಿಕಸ್, ಅಪಾಯದ ರಾತ್ರಿಗಳಲ್ಲಿ ಕೋಟೆ ಗೋಡೆಯ ಹೊರಗೆ ನಾಯಿಗಳನ್ನು ಕಟ್ಟಿ ಅನ್ನುತ್ತಾನೆ. ಗೂಢಚಾರ ಬಂದರೂ ಬೊಗಳುತ್ತವೆ, ನಮ್ಮವನೇ ಓಡಿಹೋಗಲು ನೋಡಿದರೂ ಬೊಗಳುತ್ತವೆ. ನಾಯಿಯ ಕೊರಳಪಟ್ಟಿಯಲ್ಲಿ ಗುಟ್ಟಿನ ಪತ್ರ ಹೊಲಿದು ಕಳಿಸುವ ಉಪಾಯವೂ ಅವನಲ್ಲಿದೆ. ರೋಮಿನ ವೆಜೀಶಿಯಸ್ ಕೂಡ ಮೂಗು ಚುರುಕಾಗಿರುವ ನಾಯಿಗಳನ್ನು ಬುರುಜುಗಳಲ್ಲಿ ಇಡಿ ಅನ್ನುತ್ತಾನೆ. ಕ್ರಿ.ಪೂ. 231ರಲ್ಲಿ ರೋಮಿನ ಕಾನ್ಸಲ್ ಪೊಂಪೋನಿಯಸ್ ಮಾಥೋ, ಸಾರ್ಡೀನಿಯಾದ ಗುಹೆಗಳಲ್ಲಿ ಅಡಗಿದ್ದವರನ್ನು ಹುಡುಕಲು ಇಟಲಿಯಿಂದ ನಾಯಿಗಳನ್ನು ತರಿಸಿದ. ಅಂದರೆ ಹಲ್ಲಿಗಿಂತ ಕಿವಿ, ಮೂಗಿಗೇ ಬೆಲೆ ಜಾಸ್ತಿ. ಈ ಕೆಲಸದಲ್ಲಿ ತಪ್ಪಿದರೆ ಕ್ಷಮೆಯೂ ಇರಲಿಲ್ಲ. ಗಾಲ್ ಜನ ರಾತ್ರಿ ರೋಮಿನ ಗುಡ್ಡ ಹತ್ತಿದಾಗ ಹೆಬ್ಬಾತುಗಳು ಕೂಗಿದವು, ನಾಯಿಗಳು ಸುಮ್ಮನಿದ್ದವು ಅಂತ ಐತಿಹ್ಯ. ಅದಕ್ಕಾಗಿ ರೋಮನ್ನರು ಪ್ರತಿವರ್ಷ ನಾಯಿಗಳಿಗೆ ಶಿಕ್ಷೆ ಕೊಡುತ್ತಿದ್ದರು. ಪಾಪ, ಯಾರದೋ ತಪ್ಪಿಗೆ ಯಾವುದೋ ನಾಯಿ.

ಇನ್ನು ನೀವು ಅಂತರ್ಜಾಲದಲ್ಲಿ ನೋಡಿರಬಹುದಾದ ದಪ್ಪ ಕುತ್ತಿಗೆಯ ಅಸ್ಸೀರಿಯಾದ (ಇವತ್ತಿನ ಇರಾಕ್ ಕಡೆಯ ಹಳೇ ರಾಜ್ಯ) ನಾಯಿಗಳು. ಅವು ಕ್ರಿ.ಪೂ. 7ನೇ ಶತಮಾನದವು, ನಿನೆವೆಯಲ್ಲಿ ಅಶುರ್‌ಬನಿಪಾಲ್ ದೊರೆಯ ಅರಮನೆ ಗೋಡೆಯ ಕೆತ್ತನೆ. ಅವು ಹೊರಟಿರುವುದು ಬೇಟೆಗೆ, ಯುದ್ಧಕ್ಕಲ್ಲ. ಅದೇ ಅರಮನೆಯಲ್ಲಿ ಮಣ್ಣಿನ ಐದು ಪುಟ್ಟ ನಾಯಿಗಳೂ ಸಿಕ್ಕಿವೆ. ದುಷ್ಟಶಕ್ತಿ ಒಳಗೆ ಬರದಂತೆ ಬಾಗಿಲ ಬಳಿ ಹೂತಿಟ್ಟವು. ಪ್ರತಿಯೊಂದರ ಮೇಲೂ ಹೆಸರಿದೆ. ಒಂದರ ಹೆಸರು ‘ಯೋಚಿಸಬೇಡ, ಕಚ್ಚು!’ ನಮ್ಮ ಟಾಮಿ, ರಾಜುಗಳೆಲ್ಲ ಇದರ ಮುಂದೆ ಸಪ್ಪೆ, ಅಲ್ವಾ?

ಈಗ ತಳಿಯ ವಿಷಯ. ಎಲ್ಲರ ಬಾಯಲ್ಲೂ ಬರುವ ಹೆಸರು ಮೊಲೊಸ್ಸಿಯನ್. ಮೊಲೊಸ್ಸರು ಅಂದರೆ ವಾಯವ್ಯ ಗ್ರೀಸಿನ ಎಪಿರಸ್ ಸೀಮೆಯ ಜನ. ಅವರ ಬೇಟೆನಾಯಿಗಳಲ್ಲಿ ವಿಶೇಷ ಏನಿಲ್ಲ, ಕುರಿ ಕಾಯುವ ನಾಯಿಗಳು ಮಾತ್ರ ಗಾತ್ರದಲ್ಲೂ ಧೈರ್ಯದಲ್ಲೂ ಮೇಲು ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಅಂದರೆ ಮೊಲೊಸ್ಸಿಯನ್ ಅನ್ನುವುದು ಒಂದೇ ತಳಿಯಲ್ಲ, ನಾಯಿ ಬಂದ ಸೀಮೆಯ ಗುರುತು. ‘ಇಂಡಿಯಾದ ನಾಯಿ’ ಎಂಬುದೂ ಹಾಗೇ. ಬ್ಯಾಬಿಲೋನಿನ ಪರ್ಷಿಯನ್ ಅಧಿಕಾರಿಯೊಬ್ಬ ಇಂಡಿಯಾದ ನಾಯಿಗಳನ್ನು ಸಾಕಲು ನಾಲ್ಕು ದೊಡ್ಡ ಹಳ್ಳಿಗಳಿಗೆ ಬೇರೆ ತೆರಿಗೆಯನ್ನೆಲ್ಲ ಬಿಟ್ಟಿದ್ದ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಪಂಜಾಬಿನ ಕಡೆಯ ರಾಜ ಸೋಪೈಥಿಸ್ ಅಲೆಕ್ಸಾಂಡರನಿಗೆ 150 ನಾಯಿ ಕೊಟ್ಟನಂತೆ. ಸಿಂಹದ ಮೇಲೆ ಬಿಟ್ಟು ತೋರಿಸಿದಾಗ, ಕಾಲು ಕತ್ತರಿಸಿದರೂ ಒಂದು ನಾಯಿ ಹಿಡಿತ ಬಿಡಲಿಲ್ಲ ಅಂತ ಕತೆ.

ಇವತ್ತು ಮಾರುವವರು ‘ರೋಮನ್ ಯುದ್ಧನಾಯಿಯ ನೇರ ವಂಶ’ ಅಂದರೆ ಜೇಬು ಭದ್ರ. ವಂಶಾವಳಿ ಬರೆದಿಟ್ಟು ಒಂದೇ ರೂಪದ ನಾಯಿ ಬೆಳೆಸುವ ಪದ್ಧತಿ ಬಲವಾಗಿದ್ದು 19ನೇ ಶತಮಾನದಲ್ಲಿ. ತಳಿಗಳ ದಾಖಲೆ ಇಡುವ ಸಂಘ, ಬ್ರಿಟನ್ನಿನ ಕೆನಲ್ ಕ್ಲಬ್, ಶುರುವಾಗಿದ್ದೇ 1873ರಲ್ಲಿ. ಐರಿಷ್ ವುಲ್ಫ್‌ಹೌಂಡ್ ಹೆಚ್ಚುಕಮ್ಮಿ ಅಳಿದೇ ಹೋಗಿತ್ತು, ಬೇರೆ ತಳಿಗಳ ಜೊತೆ ಕೂಡಿಸಿ ಮತ್ತೆ ಕಟ್ಟಿದರು. ನನ್ನನ್ನು ಕೇಳಿದರೆ, ಆ ಹಳೇ ಕಾವಲು ನಾಯಿಗಳ ಸ್ವಭಾವ ನೋಡಲು ಪ್ರದರ್ಶನದ ಮಾಸ್ಟಿಫ್‌ಗಿಂತ ಟರ್ಕಿಯ ಕಂಗಾಲ್‌ನಂಥ ಕುರಿ ಕಾಯುವ ನಾಯಿಯೇ ವಾಸಿ.

ನಮ್ಮಲ್ಲೂ ಒಂದು ನಾಯಿ ಇದೆ. ಪ್ರಾಚೀನ ಅನ್ನುವಷ್ಟು ಹಳೆಯದಲ್ಲ. ಕ್ರಿ.ಶ. 949ರ ಹೊತ್ತಿಗೆ ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಮಣಲೇರ ಎಂಬ ವೀರ ಮೆರೆದ. ಅವನ ಒಡೆಯ, ಗಂಗ ದೊರೆ ಬೂತುಗ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕಾಳಿ ಕಾಡುಹಂದಿಯ ಜೊತೆ ಕಾದಿತು. ಎರಡೂ ಸತ್ತವು. ಇದನ್ನೆಲ್ಲ ಹೇಳುವ, ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಗೆಲುವೆಲ್ಲ ಅಕ್ಷರದಲ್ಲಿದೆ. ಕೆತ್ತಿದ ಚಿತ್ರ ಮಾತ್ರ ನಾಯಿ, ಹಂದಿಯದು.